ಜರ್ಮನಿ ಎರಡು ಪೌರತ್ವ ಒಪ್ಪಿದೆ, ಹಾಗಾದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದಾ?

ಹೇಮಾವತಿ_ದಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ನಲ್ಲಿದ್ದೇವೆ. ನಾನೂ ನನ್ನ ಹೆಂಡತಿಯೂ ಭಾರತದ ಪ್ರಜೆಗಳು. 2024ರ ಜೂನ್ 27ರಿಂದ ಜರ್ಮನಿ ಹಳೆಯ ಪೌರತ್ವ ಬಿಡಬೇಕೆಂಬ ಷರತ್ತನ್ನೇ ತೆಗೆದುಹಾಕಿದೆ. ಐದು ವರ್ಷದ ವಾಸ ಮುಗಿದಿರುವುದರಿಂದ ನಾನು ಅರ್ಜಿ ಹಾಕಬೇಕೆಂದಿದ್ದೇನೆ. ಹೆಂಡತಿ ಭಾರತದ ಪೌರತ್ವದಲ್ಲೇ ಉಳಿಯುವ ಯೋಚನೆಯಲ್ಲಿದ್ದಾಳೆ.

ನನ್ನ ಪ್ರಶ್ನೆಗಳು ಇವು. ಜರ್ಮನಿಯವರು ಬಿಡಿ ಎನ್ನದಿದ್ದ ಮೇಲೆ ಭಾರತದ ಪಾಸ್‌ಪೋರ್ಟನ್ನೂ ಇಟ್ಟುಕೊಳ್ಳಬಹುದಾ? ಮಗಳಿಗೆ 14, ಹಾಸನದಲ್ಲಿ ಹುಟ್ಟಿದವಳು, ಭಾರತದ ಪಾಸ್‌ಪೋರ್ಟ್ ಇದೆ. ಅವಳನ್ನು ನನ್ನ ಅರ್ಜಿಯಲ್ಲೇ ಸೇರಿಸಿದರೆ ಫೀ ಕಡಿಮೆ ಎನ್ನುತ್ತಾರೆ, ಸೇರಿಸಬೇಕಾ? ಮಗ 2024ರ ಡಿಸೆಂಬರ್‌ನಲ್ಲಿ ಇಲ್ಲೇ ಹುಟ್ಟಿದ್ದು, ಹುಟ್ಟಿನಿಂದಲೇ ಜರ್ಮನ್ ಪ್ರಜೆ. ಅವನ ಜನನವನ್ನು ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಿಲ್ಲ.

ಇನ್ನೊಂದು, ಸಕಲೇಶಪುರದ ಹತ್ತಿರ ಅಪ್ಪನ ಸ್ವಯಾರ್ಜಿತ ಗದ್ದೆ ಮತ್ತು ಕಾಫಿ ತೋಟ ಇದೆ. ನಾನು ಜರ್ಮನ್ ಪ್ರಜೆ ಆಗುವುದರೊಳಗೆ ನನ್ನ ಹೆಸರಿಗೆ ದಾನಪತ್ರ ಮಾಡಿಬಿಡುತ್ತೇನೆ ಅಂತ ಅಪ್ಪ ಹೇಳುತ್ತಿದ್ದಾರೆ. ಇದು ಸರಿಯಾ?

ಕಾನೂನುಕಟ್ಟೆ ಉತ್ತರ:

ಮೊದಲ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ಜರ್ಮನಿ ತನ್ನ ಕಡೆಯ ಬಾಗಿಲು ತೆರೆದಿದೆ ಅಷ್ಟೆ. ಭಾರತದ ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಎರಡೂ ಹಾಗೇ ಇವೆ. ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕ್ಷಣಕ್ಕೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ನೀವು ಅರ್ಜಿ ಹಾಕಬೇಕಿಲ್ಲ, ಯಾರೂ ಆದೇಶ ಹೊರಡಿಸಬೇಕಿಲ್ಲ.

ಹಾಗಾಗಿ ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು ಒಂದು ದಿನಾಂಕ. ಜರ್ಮನಿಯಲ್ಲಿ ಪೌರತ್ವ ಸಿಗುವುದು ಪ್ರಮಾಣಪತ್ರವನ್ನು ಕೈಗೆ ಕೊಡುವ ದಿನ. ಜರ್ಮನ್ ಪಾಸ್‌ಪೋರ್ಟ್ ಬರುವ ದಿನವೂ ಅಲ್ಲ, ಭಾರತದ ಪಾಸ್‌ಪೋರ್ಟ್ ಒಪ್ಪಿಸುವ ದಿನವೂ ಅಲ್ಲ. ಪ್ರಮಾಣಪತ್ರ ಕೈಗೆ ಬಂದ ಆ ದಿನದಿಂದ ನಿಮ್ಮ ಭಾರತದ ಪಾಸ್‌ಪೋರ್ಟ್ ಅವಧಿ ಇನ್ನೂ ಎಂಟು ವರ್ಷ ಬಾಕಿ ಇದ್ದರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ. ಜನ ಎಡವುವುದು ಇಲ್ಲೇ. ಪ್ರಮಾಣಪತ್ರ ಸಿಕ್ಕಿದೆ, ಹೊಸ ಪಾಸ್‌ಪೋರ್ಟ್ ಬರಲು ಕೆಲವು ವಾರ ಇದೆ, ಅಷ್ಟರಲ್ಲಿ ಊರಲ್ಲಿ ಮದುವೆ. ಹಳೆಯದರಲ್ಲೇ ಹೋಗಿ ಬಂದುಬಿಡೋಣ ಎನ್ನುತ್ತಾರೆ. ಆಮೇಲೆ ಪಾಸ್‌ಪೋರ್ಟ್ ಒಪ್ಪಿಸಲು ಹೋದಾಗ ಅದರ ಮೇಲಿನ ಮುದ್ರೆಗಳನ್ನು ಪ್ರಮಾಣಪತ್ರದ ದಿನಾಂಕದ ಜೊತೆ ತಾಳೆ ನೋಡುತ್ತಾರೆ, ಎಷ್ಟು ಪ್ರಯಾಣ ಆಗಿದೆ ಎಂಬುದರ ಮೇಲೆ ದಂಡ ಏರುತ್ತಾ ಹೋಗುತ್ತದೆ. ಪಾಸ್‌ಪೋರ್ಟ್ ನವೀಕರಿಸಿಕೊಂಡಿದ್ದರಂತೂ ಅದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ. ಪ್ರಯಾಣ ಇದ್ದರೆ ಅದನ್ನು ಮುಗಿಸಿಕೊಂಡೇ ಪ್ರಮಾಣಪತ್ರಕ್ಕೆ ದಿನ ತೆಗೆದುಕೊಳ್ಳಿ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಜರ್ಮನ್ ಪ್ರಮಾಣಪತ್ರಕ್ಕೆ ಮುಂಚೆಯೇ ಭಾರತದ ಪೌರತ್ವ ತ್ಯಜಿಸುವ ಘೋಷಣೆ ಯಾವ ಕಾರಣಕ್ಕೂ ಕೊಡಬೇಡಿ. ನಡುವೆ ಏನಾದರೂ ಕೆಟ್ಟರೆ ಯಾವ ದೇಶದ ಪ್ರಜೆಯೂ ಅಲ್ಲದ ಸ್ಥಿತಿ ಬರುತ್ತದೆ. 2024ಕ್ಕೆ ಮೊದಲಿನ ಪದ್ಧತಿಯ ನೆನಪಿನಲ್ಲಿ ಕೆಲವರು ಇನ್ನೂ ಹಾಗೆ ಸಲಹೆ ಕೊಡುತ್ತಾರೆ.

ಹೆಂಡತಿಯವರ ವಿಷಯ ಸರಳ. ನಿಮ್ಮ ಪೌರತ್ವ ಬದಲಾದರೆ ಅವರದ್ದು ಬದಲಾಗುವುದಿಲ್ಲ. ಜರ್ಮನಿಯ ಖಾಯಂ ವಾಸದ ಪರವಾನಗಿ ಇಟ್ಟುಕೊಂಡು ಎಷ್ಟು ವರ್ಷ ಬೇಕಾದರೂ ಭಾರತದ ಪ್ರಜೆಯಾಗಿಯೇ ಇರಬಹುದು. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರಿಗೂ ಇದೇ ಮಾತು.

ಮಗಳ ವಿಷಯದಲ್ಲಿ ಆತುರ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಫೀ ವ್ಯತ್ಯಾಸ ನಿಜ. ವಯಸ್ಕರಿಗೆ 255 ಯೂರೊ, ತಂದೆ ಅಥವಾ ತಾಯಿಯ ಜೊತೆಗೇ ಆಗುವ ಸ್ವಂತ ಆದಾಯವಿಲ್ಲದ ಮಗುವಿಗೆ 51. ಆದರೆ 204 ಯೂರೊ ಉಳಿಸಲು ಹೋಗಿ ಏನು ಬಿಡುತ್ತೀರಿ ಎಂದು ನೋಡಿ. 2021ರ ಮಾರ್ಚ್ 4ರ ಗೃಹ ಸಚಿವಾಲಯದ ಅಧಿಸೂಚನೆ ಪ್ರಕಾರ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಆಜೀವ ವೀಸಾದಂಥ ಕಾರ್ಡ್, ಪೌರತ್ವ ಅಲ್ಲ) ಇರುವವರು ನೀಟ್, ಜೆಇಇ ಬರೆಯಬಹುದು, ಆದರೆ ಅವರಿಗೆ ಸಿಗುವುದು ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟು ಮಾತ್ರ. ಭಾರತೀಯರಿಗೇ ಮೀಸಲಾದ ಸೀಟಿಗೆ ಅರ್ಹತೆ ಇಲ್ಲ. ಈ ನಿರ್ಬಂಧ ಹಿಂದಿನ ಕಾರ್ಡುಗಳಿಗೆ ಅನ್ವಯಿಸದು ಎಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ಹೊಸದಾಗಿ ಕಾರ್ಡ್ ಮಾಡಿಸುವ ನಿಮ್ಮ ಮಗಳಿಗೆ ಆ ರಕ್ಷಣೆ ಒದಗುವುದಿಲ್ಲ. ಎರಡು ವರ್ಷ ಕಾದರೆ 16ಕ್ಕೆ ಜರ್ಮನಿಯಲ್ಲಿ ಅವಳೇ ಸ್ವತಃ ಅರ್ಜಿ ಹಾಕಬಹುದು. ಅಷ್ಟರಲ್ಲಿ ಎಲ್ಲಿ ಓದುತ್ತಾಳೆ ಎಂಬುದೂ ಸ್ವಲ್ಪ ಸ್ಪಷ್ಟವಾಗಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಪೌರತ್ವ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ಪೌರತ್ವ ತ್ಯಜಿಸಿದವರ ಅಪ್ರಾಪ್ತ ಮಕ್ಕಳ ಪೌರತ್ವವೂ ಹೋಗುತ್ತದೆ, ಮಗು 18 ತುಂಬಿದ ಒಂದು ವರ್ಷದೊಳಗೆ ಘೋಷಣೆ ಕೊಟ್ಟು ಮರಳಿ ಪಡೆಯಬಹುದು. 9ನೇ ಸೆಕ್ಷನ್ನಿನಲ್ಲಿ ಈ ಎರಡೂ ಇಲ್ಲ. ವಿದೇಶಿ ಪೌರತ್ವ ಪಡೆದು ಕಳೆದುಕೊಂಡದ್ದು 9ರ ಪ್ರಕಾರ, ಅದನ್ನು 8ರ ತ್ಯಾಗ ಎನ್ನಲಾಗದು ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ಪ್ರಕರಣದಲ್ಲಿ ಮರಳಿ ಪೌರತ್ವ ಕೇಳಿದವರಿಗೆ ಅದು ಸಿಗಲಿಲ್ಲ. ನಿಮ್ಮ ಮಟ್ಟಿಗೆ ಇದರ ಅರ್ಥ, ನೀವೊಬ್ಬರೇ ಜರ್ಮನ್ ಆದರೆ ಮಗಳು ಭಾರತೀಯಳಾಗಿಯೇ ಉಳಿಯುತ್ತಾಳೆ. ಆದರೆ ಪಾಸ್‌ಪೋರ್ಟ್ ಒಪ್ಪಿಸುವಾಗ ತುಂಬುವ ಅರ್ಜಿಯಲ್ಲಿ ಅಪ್ರಾಪ್ತ ಮಕ್ಕಳ ವಿವರ ಕೇಳುತ್ತಾರೆ. ಮಗಳು ಬೇರೆ ಪೌರತ್ವ ಪಡೆದಿಲ್ಲ, ಭಾರತೀಯಳಾಗಿ ಮುಂದುವರಿಯುತ್ತಾಳೆ ಎಂದು ಕಾನ್ಸುಲೇಟಿಗೆ ಲಿಖಿತವಾಗಿ ತಿಳಿಸಿ, ಉತ್ತರ ಬಂದ ಮೇಲೆ ಸಹಿ ಮಾಡಿ.

ಮಗನ ಬಗ್ಗೆ: 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗು ತಂದೆತಾಯಿಯ ಮೂಲಕ ಭಾರತೀಯ ಆಗಬೇಕಾದರೆ ಒಂದು ವರ್ಷದೊಳಗೆ ಕಾನ್ಸುಲೇಟಿನಲ್ಲಿ ಜನನ ನೋಂದಾಯಿಸಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನೋಂದಣಿಗೆ ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆತಾಯಿ ಘೋಷಿಸಬೇಕು. ಹಾಗೆ ನೋಂದಣಿಯಾದ ಮಗುವಿಗೆ ಹುಟ್ಟಿನಿಂದ ಬಂದ ಮತ್ತೊಂದು ಪೌರತ್ವವೂ ಇದ್ದರೆ, 18 ತುಂಬಿದ ಆರು ತಿಂಗಳೊಳಗೆ ಅದನ್ನು ಬಿಡದಿದ್ದರೆ ಭಾರತದ್ದು ಹೋಗುತ್ತದೆ. ಎರಡು ಪೌರತ್ವ ಕೆಲಕಾಲ ಒಟ್ಟಿಗೆ ಇರುವುದನ್ನು ನಮ್ಮ ಕಾಯ್ದೆ ತಾನೇ ಬರೆದು ಒಪ್ಪಿರುವ ಸಂದರ್ಭ ಇದು. ಆದರೂ ನಿಮಗೆ ಇದು ಹಿಡಿಸುವ ದಾರಿ ಅಲ್ಲ. ಮಗನಿಗೆ ಜರ್ಮನ್ ಪಾಸ್‌ಪೋರ್ಟ್ ಮಾಡಿಸಿದ್ದರೆ ಆ ಘೋಷಣೆ ಕೊಡಲಾಗದು. ಒಸಿಐ ಮಾಡಿಸಿ ನಿಶ್ಚಿಂತರಾಗಿರಿ. ತಾಯಿ ಭಾರತದ ಪ್ರಜೆ ಆಗಿರುವುದರಿಂದ ಅರ್ಹತೆಗೆ ತೊಂದರೆ ಇಲ್ಲ.

ನಾಲ್ಕನೇಪುಟ ಉತ್ತರ:

ಕಾನೂನುಕಟ್ಟೆ ಅವರು ಹೇಳಿದ್ದಕ್ಕೆ ಅರ್ಜಿಗಳ ಕ್ರಮ ಸೇರಿಸುತ್ತೇನೆ. ಮೊದಲು ಜರ್ಮನ್ ಪ್ರಮಾಣಪತ್ರ, ಆಮೇಲೆ ಜರ್ಮನ್ ಪಾಸ್‌ಪೋರ್ಟ್, ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್, ಕೊನೆಗೆ ಒಸಿಐ. ರದ್ದು ಮುದ್ರೆ ಒತ್ತಿ ವಾಪಸ್ ಕೊಡುವ ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ. ನೀವು ಭಾರತದ ಪ್ರಜೆಯಾಗಿದ್ದಿರಿ ಎಂಬುದಕ್ಕೆ ಮುಂದೆ ಅದೇ ದಾಖಲೆ. ಕಾರ್ಡ್ ಬರುವ ಮೊದಲೇ ತುರ್ತಾಗಿ ಊರಿಗೆ ಹೋಗಬೇಕಾದರೆ ಜರ್ಮನ್ ಪಾಸ್‌ಪೋರ್ಟಿನ ಮೇಲೆ ವೀಸಾ ತೆಗೆದುಕೊಳ್ಳಬೇಕು. ವೀಸಾ ಅರ್ಜಿಯಲ್ಲೂ ಹಿಂದಿನ ಪೌರತ್ವ ಕೇಳುತ್ತಾರೆ, ಆದ್ದರಿಂದ ಸರೆಂಡರ್ ಕೆಲಸವನ್ನು ತಡ ಮಾಡಬೇಡಿ.

ಒಸಿಐ ಫೀ ಹೊರದೇಶದಲ್ಲಿ 275 ಡಾಲರ್‌ಗೆ ಸಮನಾದ ಸ್ಥಳೀಯ ಹಣ, ಭಾರತದಲ್ಲೇ ಅರ್ಜಿ ಹಾಕಿದರೆ 15,000 ರೂಪಾಯಿ. ಅರ್ಜಿ ಆನ್‌ಲೈನಿನಲ್ಲೇ. ಫೋಟೊ ಚೌಕಾಕಾರ, 51 ಮಿಲಿಮೀಟರ್. ಜರ್ಮನ್ ಪಾಸ್‌ಪೋರ್ಟಿಗೆ ತೆಗೆಸಿದ ಉದ್ದನೆಯ ಫೋಟೊ ನಡೆಯುವುದಿಲ್ಲ. ಮಗುವಿನ ಅರ್ಜಿಗೆ ತಂದೆತಾಯಿ ಇಬ್ಬರ ಸಹಿ, ಇಬ್ಬರ ಪಾಸ್‌ಪೋರ್ಟ್, ಮದುವೆ ನೋಂದಣಿ ಪತ್ರ, ಇಬ್ಬರ ಹೆಸರೂ ಇರುವ ಜನನ ಪತ್ರ ಬೇಕು. ಜನನ ಪತ್ರವನ್ನು ಜರ್ಮನಿಯಲ್ಲಿ ಬಹುಭಾಷಾ ನಮೂನೆಯಲ್ಲಿ ಕೇಳಿ ಪಡೆಯಿರಿ, ಅನುವಾದದ ಖರ್ಚು ಉಳಿಯುತ್ತದೆ.

ನಮ್ಮ ಕಡೆಯವರ ಅರ್ಜಿ ಅತಿ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು, ಸರ್‌ನೇಮ್ ಜಾಗ ಖಾಲಿ. ಜರ್ಮನಿಯಲ್ಲಿ ಕುಟುಂಬನಾಮ ಬೇಕೇ ಬೇಕು. ಪೌರತ್ವ ಸಿಕ್ಕ ಮೇಲೆ ಅಲ್ಲಿನ ಜನನ-ವಿವಾಹ ನೋಂದಣಿ ಕಚೇರಿಯಲ್ಲಿ ಯಾವುದು ಹೆಸರು, ಯಾವುದು ಕುಟುಂಬನಾಮ ಎಂದು ಘೋಷಣೆ ಕೊಡಬಹುದು. ಒಳ್ಳೆಯ ಅವಕಾಶವೇ, ಆದರೆ ಅದನ್ನು ಮಾಡಿದರೆ ಹೊಸ ಪಾಸ್‌ಪೋರ್ಟಿಗೂ ರದ್ದಾದ ಪಾಸ್‌ಪೋರ್ಟಿಗೂ ಹೆಸರು ತಾಳೆ ಬೀಳುವುದಿಲ್ಲ. ಆ ಘೋಷಣೆಯ ಪ್ರತಿಯನ್ನು ಒಸಿಐ ಅರ್ಜಿಗೆ ಲಗತ್ತಿಸಿ, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಜೊತೆಗಿರಲಿ. ಹೆಸರಿನ ತೀರ್ಮಾನ ಮೊದಲು, ಜರ್ಮನ್ ಪಾಸ್‌ಪೋರ್ಟ್ ಆಮೇಲೆ, ಈ ಕ್ರಮ ತಪ್ಪಿದರೆ ಎರಡು ಸಲ ಪಾಸ್‌ಪೋರ್ಟ್ ಮಾಡಿಸಬೇಕಾಗುತ್ತದೆ.

ಕಾರ್ಡ್ ಬಂದ ಮೇಲೆ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸ ಕಾರ್ಡ್ ಮಾಡಿಸುವ ಕಾಲ 2021ರಲ್ಲಿ ಮುಗಿಯಿತು. 20 ವರ್ಷ ದಾಟಿದ ಮೇಲೆ ಕಾರ್ಡ್ ಪಡೆದವರಿಗೆ ಮರುವಿತರಣೆ ಬೇಕಿಲ್ಲ. 50 ತುಂಬಿದ ಮೇಲೆ ಬರುವ ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಫೋಟೊವನ್ನು ಒಮ್ಮೆ ಆನ್‌ಲೈನಿನಲ್ಲಿ ಏರಿಸಿದರೆ ಸಾಕು, ಅದಕ್ಕೆ ಶುಲ್ಕ ಇಲ್ಲ. ಮಗನಿಗೆ 20 ತುಂಬುವವರೆಗೆ ಪ್ರತಿ ಹೊಸ ಪಾಸ್‌ಪೋರ್ಟ್ ಸಿಕ್ಕ ಮೂರು ತಿಂಗಳೊಳಗೆ ಹೀಗೆ ಏರಿಸಬೇಕು, 20 ದಾಟಿದ ಮೇಲಿನ ಮೊದಲ ಪಾಸ್‌ಪೋರ್ಟಿಗೆ ಒಮ್ಮೆ ಹೊಸ ಕಾರ್ಡ್. ಜರ್ಮನಿಯಲ್ಲಿ 24ರ ಒಳಗಿನವರ ಪಾಸ್‌ಪೋರ್ಟ್ ಆರೇ ವರ್ಷಕ್ಕೆ ಮುಗಿಯುವುದರಿಂದ ಇದು ಕೆಲವು ಸಲ ಬರುತ್ತದೆ. ವಿಮಾನ ಹತ್ತುವಾಗ ಮೂಲ ಕಾರ್ಡ್ ಕೈಯಲ್ಲಿರಲಿ, ಮೊಬೈಲಿನ ಚಿತ್ರ ನಂಬಿಕೊಂಡು ಹೋಗಬೇಡಿ.

ಕಾರ್ಡ್ ಇದ್ದರೆ ಭಾರತದಲ್ಲಿ ಎಷ್ಟು ದಿನ ಇದ್ದರೂ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿ ಬೇಡ. ಆದರೆ ಪತ್ರಿಕೋದ್ಯಮ, ಸಂಶೋಧನೆ, ಧರ್ಮಪ್ರಚಾರ, ಪರ್ವತಾರೋಹಣ, ಇವಕ್ಕೆ ಮೊದಲೇ ವಿಶೇಷ ಅನುಮತಿ ಬೇಕು. ಮತ ಇಲ್ಲ, ಸರ್ಕಾರಿ ನೌಕರಿಯಲ್ಲಿ ಸಮಾನಾವಕಾಶದ ಹಕ್ಕಿಲ್ಲ, ಶಾಸನಸಭೆ ಸಂಸತ್ತಿಗೆ ನಿಲ್ಲುವಂತಿಲ್ಲ. ಮುಂದೆ ಪೂರ್ತಿ ಮರಳಿ ಬರುವುದಾದರೆ ದಾರಿ ಇದೆ: ಕಾರ್ಡ್ ಪಡೆದು ಐದು ವರ್ಷ ಆಗಿರಬೇಕು, ಅರ್ಜಿಗೆ ಮುಂಚಿನ 12 ತಿಂಗಳು ಭಾರತದಲ್ಲಿ ವಾಸವಿರಬೇಕು, ಜರ್ಮನ್ ಪೌರತ್ವ ಬಿಡಬೇಕು.

ಬ್ಯಾಂಕಿನಲ್ಲಿ ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ (ಹೊರದೇಶದ ಗಳಿಕೆಗೆ), ಎನ್‌ಆರ್‌ಒ (ಭಾರತದೊಳಗಿನ ಆದಾಯಕ್ಕೆ) ಖಾತೆಗಳು ಮುಂದುವರಿಯುತ್ತವೆ, ಕೆವೈಸಿಯಲ್ಲಿ ಪೌರತ್ವ ಮತ್ತು ಪಾಸ್‌ಪೋರ್ಟ್ ಮಾತ್ರ ಬದಲಿಸಿ. ಊರಿನ ಹಳೆಯ ಉಳಿತಾಯ ಖಾತೆಯನ್ನು ಇನ್ನೂ ಎನ್‌ಆರ್‌ಒ ಮಾಡಿಸಿಲ್ಲದಿದ್ದರೆ ಅದು ಈಗಲೇ ಆಗಬೇಕಾದ ಕೆಲಸ.

ಅಡಕೆಸೋಗೆ ಉತ್ತರ:

ದಾನಪತ್ರ ಮಾಡಿಸಬೇಡಿ. ತಂದೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ತೊಡಕು ಜರ್ಮನ್ ಪೌರತ್ವದಲ್ಲಿಲ್ಲ, ನೀವು ಹೊರದೇಶದಲ್ಲಿ ವಾಸವಿರುವುದರಲ್ಲಿದೆ. ವಿದೇಶಿ ವಿನಿಮಯದ 2019ರ ನಿಯಮಗಳ ಪ್ರಕಾರ ಎನ್‌ಆರ್‌ಐ ಆಗಲಿ ಒಸಿಐ ಆಗಲಿ ಕೃಷಿ ಜಮೀನು, ತೋಟದ ಮನೆ, ಪ್ಲಾಂಟೇಶನ್ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ನಿಮ್ಮ ಗದ್ದೆ ಮೊದಲನೆಯದಕ್ಕೆ ಬಂತು, ಕಾಫಿ ತೋಟ ಮೂರನೆಯದಕ್ಕೆ. ಸೈಟು, ಮನೆ, ಫ್ಲ್ಯಾಟ್ ಆಗಿದ್ದರೆ ತಂದೆ ದಾನ ಕೊಡಬಹುದಿತ್ತು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಹಳ ಹರಡಿದೆ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಹೋದವು, ಈಗ ಯಾರು ಬೇಕಾದರೂ ಜಮೀನು ಕೊಳ್ಳಬಹುದು ಎನ್ನುತ್ತಾರೆ. ಆ ತಿದ್ದುಪಡಿ ತೆಗೆದದ್ದು ಕೃಷಿಕರಲ್ಲದವರ ಮೇಲಿನ ರಾಜ್ಯದ ನಿರ್ಬಂಧವನ್ನು. ಕೇಂದ್ರದ ವಿದೇಶಿ ವಿನಿಮಯ ಕಾನೂನು ಅದರಿಂದ ಸಡಿಲವಾಗಲಿಲ್ಲ. ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಣಿ ಆಯಿತು, ಪಹಣಿಯಲ್ಲಿ ಹೆಸರೂ ಬಂತು ಅಂದ ಮಾತ್ರಕ್ಕೆ ಸಕ್ರಮ ಆಯಿತು ಎಂದಲ್ಲ. ಮುಂದೆ ಮಾರಿ ಹಣ ಹೊರಗೆ ಕಳಿಸುವಾಗ ಬ್ಯಾಂಕು ಮೂಲಪತ್ರ ಕೇಳುತ್ತದೆ, ಆಗ ಸಿಕ್ಕಿಬೀಳುತ್ತೀರಿ.

ಬರಬಹುದಾದ ದಾರಿ ಉತ್ತರಾಧಿಕಾರ. ಭಾರತದಲ್ಲಿ ವಾಸವಿರುವವರಿಂದ ವಾರಸಾಗಿ ಬರುವ ಆಸ್ತಿ ಕೃಷಿ ಜಮೀನಾದರೂ ಎನ್‌ಆರ್‌ಐಗೂ ಒಸಿಐಗೂ ಬರಬಹುದು, ಇಟ್ಟುಕೊಳ್ಳಬಹುದು. ಸ್ವಯಾರ್ಜಿತ ಎಂದಿದ್ದೀರಿ, ಹಾಗಾಗಿ ತಂದೆ ಉಯಿಲು ಬರೆಯಲಿ. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ, ವಾರಸುದಾರರಲ್ಲಿ ಒಬ್ಬರು ದೂರದಲ್ಲಿದ್ದಾಗ ತಕರಾರಿಗೆ ಎಡೆ ಕಡಿಮೆ. ಉಯಿಲಿನಲ್ಲಿ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ ಇವತ್ತಿನ ಪಹಣಿಯಲ್ಲಿ ಇರುವಂತೆಯೇ ಬರಲಿ. ಪಿತ್ರಾರ್ಜಿತ ಪಾಲು ಬೆರೆತಿದ್ದರೆ ಅದಕ್ಕೆ ಉಯಿಲು ಸಾಲದು, ವಿಭಾಗದ ವಿಷಯವನ್ನು ಸ್ಥಳೀಯ ವಕೀಲರ ಹತ್ತಿರ ದಾಖಲೆ ಇಟ್ಟುಕೊಂಡೇ ಮಾತಾಡಿ.

ಹಾಗೆ ಬಂದ ಕೃಷಿ ಜಮೀನನ್ನು ಮುಂದೆ ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತದ ಪ್ರಜೆಗೇ ಮಾರಬೇಕು. ಊರಲ್ಲಿರುವ ತಮ್ಮನಿಗೆ ಬಿಟ್ಟುಕೊಡಬಹುದು, ದುಬೈನಲ್ಲಿರುವ ತಮ್ಮನಿಗೆ ಆಗದು. ಮಾರಿದ ಹಣ ಎನ್‌ಆರ್‌ಒ ಖಾತೆಗೆ ಬರುತ್ತದೆ, ಅಲ್ಲಿಂದ ತೆರಿಗೆ ದಾಖಲೆಗಳೊಂದಿಗೆ ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು.

ನಿಜವಾಗಿ ನಿಮ್ಮ ಪೌರತ್ವದಿಂದ ಬದಲಾಗುವುದು ಒಂದು ವಿಷಯ. ಇವತ್ತು ಭಾರತದ ಪ್ರಜೆಯಾಗಿ ಊರಿಗೆ ಮರಳಿ ನೆಲೆಸಿದರೆ ಕೃಷಿ ಜಮೀನು ಕೊಳ್ಳಬಹುದು. ಒಸಿಐ ಆಗಿ ಮರಳಿದರೆ 2021ರ ಅಧಿಸೂಚನೆ ಕೊಟ್ಟಿರುವ ಹಕ್ಕಿನಲ್ಲೇ ಕೃಷಿ ಜಮೀನು ಹೊರಗಿದೆ. ತೋಟ ವಿಸ್ತರಿಸುವ ಆಸೆ ಇದ್ದರೆ ಇದನ್ನು ಈಗಲೇ ತೂಗಿ ನೋಡಿ.

ಹೇಮಾವತಿ_ದಡ:

ಮೂವರಿಗೂ ಧನ್ಯವಾದ. ದಾನಪತ್ರ ನಿಲ್ಲಿಸಲು ಇವತ್ತೇ ಅಪ್ಪನಿಗೆ ಹೇಳುತ್ತೇನೆ. ಇನ್ನೆರಡು ಪ್ರಶ್ನೆ. ಹೆಂಡತಿ ಇಲ್ಲಿಂದಲೇ ಮತ ಹಾಕಬಹುದಾ? ಊರಿನ ವ್ಯವಹಾರಕ್ಕೆ ತಮ್ಮನಿಗೆ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಕೊಡಬೇಕು, ಇಲ್ಲಿನ ನೋಟರಿ ಹತ್ತಿರ ಮಾಡಿಸಿ ಅಪೊಸ್ಟಿಲ್ (ದಾಖಲೆಯನ್ನು ಬೇರೆ ದೇಶದಲ್ಲೂ ಒಪ್ಪುವಂತೆ ಹಾಕುವ ದೃಢೀಕರಣ ಮುದ್ರೆ) ಹಾಕಿಸಿದರೆ ಸಾಕಾ?

ಕಾನೂನುಕಟ್ಟೆ ಉತ್ತರ:

ಮತದ ಹಕ್ಕು ಇದೆ, ಆದರೆ ಮ್ಯೂನಿಕ್‌ನಿಂದ ಹಾಕಲಾಗದು. ಹೊರದೇಶದಲ್ಲಿರುವ ಭಾರತದ ಪ್ರಜೆಗಳು ಫಾರ್ಮ್ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. 2011ರಿಂದ ಈ ಅವಕಾಶ ಇದೆ. ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿಯ ಪ್ರತಿ ಆನ್‌ಲೈನಿನಲ್ಲಿ ಏರಿಸಿದ ಮೇಲೆ ಬೂತ್ ಮಟ್ಟದ ಅಧಿಕಾರಿ ಊರಿನ ಮನೆಗೆ ಬಂದು ವಿಚಾರಿಸುತ್ತಾರೆ, ಮನೆಯವರಿಗೆ ಮೊದಲೇ ತಿಳಿಸಿರಿ. ಮತದಾನದ ದಿನ ಸ್ವತಃ ಬೂತಿಗೆ ಹೋಗಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಇವರಿಗೆ ಗುರುತಿನ ಚೀಟಿ ಕೊಡುವುದಿಲ್ಲ, ಹಳೆಯ ಚೀಟಿ ಇದ್ದರೆ ಒಪ್ಪಿಸಬೇಕು. ಪ್ರತಿನಿಧಿಯ ಮೂಲಕ ಮತ ಹಾಕಿಸುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಒಪ್ಪಿತ್ತು, ರಾಜ್ಯಸಭೆ ದಾಟುವ ಮೊದಲೇ 2019ರಲ್ಲಿ ಬಿದ್ದುಹೋಯಿತು. ಇಷ್ಟು ದೊಡ್ಡ ಸಂಖ್ಯೆಯ ಜನ ವಿಮಾನ ಹತ್ತಿ ಬಂದೇ ಮತ ಹಾಕಬೇಕು ಎನ್ನುವುದು ನ್ಯಾಯವಲ್ಲ, ಆದರೆ ಇವತ್ತಿನ ನಿಯಮ ಅದೇ. ನಿಮ್ಮ ಹೆಸರು ಊರಿನ ಪಟ್ಟಿಯಲ್ಲಿ ಇನ್ನೂ ಇದ್ದರೆ ಜರ್ಮನ್ ಪ್ರಮಾಣಪತ್ರ ಸಿಕ್ಕ ಮೇಲೆ ಫಾರ್ಮ್ 7 ಕೊಟ್ಟು ತೆಗೆಸಿ.

ಆದಾಯ ತೆರಿಗೆಗೆ ಪೌರತ್ವಕ್ಕಿಂತ ಭಾರತದಲ್ಲಿದ್ದ ದಿನಗಳ ಲೆಕ್ಕವೇ ಮುಖ್ಯ, ಅದನ್ನು ಇದರ ಜೊತೆ ಬೆರೆಸಬೇಡಿ.

ಅಡಕೆಸೋಗೆ ಉತ್ತರ:

ಜಿಪಿಎಗೆ ಅಪೊಸ್ಟಿಲ್ ಬೇಡ. ಭಾರತ 2005ರಲ್ಲಿ ಅಪೊಸ್ಟಿಲ್‌ನ ಅಂತರರಾಷ್ಟ್ರೀಯ ಒಪ್ಪಂದ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಈ ಎರಡು ದೇಶಗಳ ನಡುವೆ ಅಪೊಸ್ಟಿಲ್ ನಡೆಯುವುದಿಲ್ಲ. ಬ್ರಿಟನ್, ಅಮೆರಿಕದಲ್ಲಿರುವವರ ಸಲಹೆ ಕೇಳಿ ಹಾಗೆ ಮಾಡಿಸಿದರೆ ದುಡ್ಡು ದಂಡ. ನೇರವಾಗಿ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟಿನಲ್ಲಿ ಅಧಿಕಾರಿಯ ಎದುರು ಸಹಿ ಮಾಡಿ ದೃಢೀಕರಿಸಿಕೊಳ್ಳಿ. ಹೊರದೇಶದಲ್ಲಿರುವವರ ಅಧಿಕಾರಪತ್ರವನ್ನು ಭಾರತೀಯ ಕಾನ್ಸುಲ್ ದೃಢೀಕರಿಸಿದರೆ ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಒಪ್ಪುತ್ತದೆ. ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ, ಸಹಿ ಅವರ ಮುಂದೆಯೇ ಆಗಬೇಕು.

ಪತ್ರ ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಬಂದ ದಿನಾಂಕಕ್ಕೆ ಕೊರಿಯರ್ ಲಕೋಟೆಯೇ ಸಾಕ್ಷಿ, ತಮ್ಮ ಅದನ್ನು ಹರಿದು ಬಿಸಾಡದಿರಲಿ. ಏನೇನು ಮಾಡಬಹುದು ಎಂಬುದನ್ನು ಬಿಡಿಬಿಡಿಯಾಗಿ ಬರೆಯಿರಿ: ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಅರ್ಜಿ, ಪೋಡಿ (ಸರ್ವೆ ನಂಬರಿನ ವಿಭಜನೆ), ಸರ್ವೆ, ಬ್ಯಾಂಕ್ ಸಾಲದ ವ್ಯವಹಾರ. ಮಾರುವ ಅಧಿಕಾರ ಕೊಡುವ ಉದ್ದೇಶ ಇಲ್ಲದಿದ್ದರೆ ಕೊಟ್ಟಿಲ್ಲ ಎಂದೇ ಒಂದು ಸಾಲು ಬರೆಸಿ. ಪತ್ರದಲ್ಲಿ ಭಾರತದ ಪಾಸ್‌ಪೋರ್ಟ್ ನಂಬರ್ ನಮೂದಿಸಿ ಆಮೇಲೆ ಜರ್ಮನ್ ಪ್ರಜೆಯಾದರೆ, ಕಚೇರಿಯಲ್ಲಿ ಗುರುತು ತಾಳೆ ಆಗಲಿಲ್ಲ ಎಂದು ಅಲೆಸುತ್ತಾರೆ. ಪೌರತ್ವ ಈ ಕೆಲವು ತಿಂಗಳಲ್ಲೇ ಆಗುವುದಾದರೆ ಜಿಪಿಎಯನ್ನು ಹೊಸ ಪಾಸ್‌ಪೋರ್ಟ್, ಒಸಿಐ ಕಾರ್ಡ್ ಎರಡೂ ಕೈಗೆ ಬಂದ ಮೇಲೆಯೇ ಮಾಡಿಸಿ.